ಕನ್ನಡಕಪ್ಪನ ಮಗಳ ಪೋಲ್ ವಾಲ್ಟ್

ಕನ್ನಡಕಪ್ಪ ಸುಳ್ಳು ಹೇಳುವವರ ಪೈಕಿಯಲ್ಲ. ಅದಕ್ಕೆ ಬೇಕಾದ ಧೈರ್ಯ ಅವನಲ್ಲಿ ಇರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜುಗಳನ್ನು ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಬಿಗಿಮಾಡಿ ಮಾಡಿ, ಬದುಕೆಂದರೆ ಯಾವ ಗಳಿಗೆಯಲ್ಲಾದರೂ ಕೈಜಾರಿ ಬಿದ್ದು ಮೇಜಿನಡಿ ಕಾಣೆಯಾಗುವ ವಸ್ತು ಎಂಬ ಅಭಿಪ್ರಾಯಕ್ಕೆ ಬಂದಿದ್ದ. ಮನೆಗೆ ಬೀಗ ಹಾಕಿದ ಮೇಲೆ ಎಳೆದು ನೋಡುವನು. ಎಳೆದದ್ದರಿಂದಲೇ ಸಡಿಲವಾಯಿತೇನೋ ಎಂದು ಮತ್ತೊಮ್ಮೆ ನೋಡುವನು. ಅವನ ಸ್ವಂತ ಹೆಸರು ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಅಪಾರ್ಟ್‌ಮೆಂಟಿನ ಹಿರಿಯರು, ಕಿರಿಯರು, ಹಾಲು ಹಾಕುವವನು ಎಲ್ಲರಿಗೂ ಅವನು ಕನ್ನಡಕಪ್ಪ.

ಇಂಥವನ ಬಾಯಿಂದ ಒಂದು ಭಾನುವಾರ ಮಧ್ಯಾಹ್ನ ಒಂದು ಸುಳ್ಳು ಹೊರಬಿತ್ತು. ಸಣ್ಣ ಸುಳ್ಳೂ ಅಲ್ಲ.

ಆ ದಿನ ಅವನ ಷಡ್ಡಕ ಬಂದಿದ್ದ. ಹೆಂಡತಿಯ ಅಕ್ಕನ ಗಂಡ, ಸಿಮೆಂಟು ವ್ಯಾಪಾರಿ. ಕುರ್ಚಿಯಲ್ಲಿ ಕೂತರೆ ಕುರ್ಚಿಯೇ ಅವನ ಮಾತನ್ನು ಒಪ್ಪಿಕೊಂಡಂತೆ ಕಿರುಗುಡುತ್ತಿತ್ತು. ಅವನ ಮಗನಿಗೆ ಸ್ಕೇಟಿಂಗಿಗೆ ಒಬ್ಬ ಕೋಚು, ಈಜಿಗೆ ಒಬ್ಬ, ಟೆನಿಸ್ಸಿಗೆ ಒಬ್ಬ, ಕರಾಟೆಗೆ ಒಬ್ಬ. ಯಾರಾದರೂ ಸೀಟಿ ಊದದೆ ಆ ಹುಡುಗ ಅನ್ನದ ತಟ್ಟೆಗೂ ಕೈ ಹಾಕಲಾರ ಎಂದು ಕನ್ನಡಕಪ್ಪನಿಗೆ ಅನುಮಾನ. ಷಡ್ಡಕ ಮಗನ ಸಾಧನೆಗಳನ್ನು ಒಂದೊಂದಾಗಿ ವರ್ಣಿಸಿ ಮುಗಿಸಿ, ಒಳಕೋಣೆಯ ಕಡೆ ಕತ್ತು ಚಾಚಿದ. ಅಲ್ಲಿ ಕನ್ನಡಕಪ್ಪನ ಮಗಳು ಮಂಚದ ಮೇಲೆ ಅಂಗಾತ ಮಲಗಿ, ಎರಡೂ ಕಾಲುಗಳನ್ನು ಗೋಡೆಗೆ ಏರಿಸಿಟ್ಟು ಪುಸ್ತಕ ಓದುತ್ತಿದ್ದಳು. ನಾಲ್ಕನೇ ಕ್ಲಾಸಿನ ಹುಡುಗಿ. ಶಾಲೆ ಬಿಟ್ಟು ಬಂದರೆ ಅವಳ ವಾಸ ಅದೇ ಭಂಗಿಯಲ್ಲಿ. ಗೋಡೆಯ ಮೇಲೆ ಅವಳ ಹಿಮ್ಮಡಿಯ ಎರಡು ಗುರುತುಗಳು ವರ್ಷದಿಂದ ವರ್ಷಕ್ಕೆ ಮೇಲೇರುತ್ತಿದ್ದವು. ಅವಳ ಬೆಳವಣಿಗೆಗೆ ಬೇರೆ ದಾಖಲೆ ಬೇಕಿರಲಿಲ್ಲ.

"ಇವಳನ್ನ ಏನಕ್ಕೂ ಹಾಕಿಲ್ವೇನಪ್ಪ? ಮೈಕೈ ಆಡಬೇಕು. ಹೀಗೇ ಬಿಟ್ರೆ ನಾಳೆ ಮೆಟ್ಲು ಹತ್ತೋಕೂ ಇನ್ನೊಬ್ಬರು ಬೇಕಾಗ್ತಾರೆ," ಎಂದ ಷಡ್ಡಕ.

ಕನ್ನಡಕಪ್ಪ ಉತ್ತರ ಹುಡುಕುತ್ತಿರುವಾಗಲೇ ಫೋನು ಬಡಿದುಕೊಂಡಿತು. ಎತ್ತುವ ಗಾಬರಿಯಲ್ಲಿ ಬೆರಳು ಸ್ಪೀಕರ್ ಗುಂಡಿಗೆ ತಾಗಿತು. ಒಂದು ಹೆಣ್ಣುದನಿ ಕೋಣೆಯ ತುಂಬ ಹರಡಿ ನಮಸ್ಕಾರ ಹೇಳಿತು. ತಾನು ವಿಶ್ವವಿದ್ಯಾಲಯದಿಂದ ಮಾತನಾಡುತ್ತಿದ್ದೇನೆ, ಮಕ್ಕಳು ಆಟೋಟಗಳಲ್ಲಿ ಎಷ್ಟರಮಟ್ಟಿಗೆ ಭಾಗವಹಿಸುತ್ತಾರೆ ಎಂಬುದರ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ, ಶಾಲೆಯವರು ನಿಮ್ಮ ನಂಬರು ಕೊಟ್ಟರು, ಎರಡು ಪ್ರಶ್ನೆ ಕೇಳಬಹುದೇ ಎಂದಳು. ಕನ್ನಡಕಪ್ಪ ಕೇಳಿ ಎಂದ. ಷಡ್ಡಕ ಕುರ್ಚಿಯಲ್ಲಿ ಮುಂದಕ್ಕೆ ಸರಿದ.

ನಿಮ್ಮ ಮಗಳು ಯಾವುದಾದರೂ ಆಟ ಆಡುತ್ತಾಳೆಯೇ ಎಂಬುದು ಮೊದಲ ಪ್ರಶ್ನೆ.

ಇಲ್ಲ ಎಂಬುದು ಎರಡೇ ಅಕ್ಷರದ ಮಾತು. ಆದರೆ ಷಡ್ಡಕನ ಹುಬ್ಬಿನ ಕೆಳಗೆ ಅದನ್ನು ಉಚ್ಚರಿಸುವುದು ಎಷ್ಟು ಕಷ್ಟವೆಂದು ಷಡ್ಡಕರನ್ನು ಉಳ್ಳವರಿಗೆ ಗೊತ್ತು. ಕನ್ನಡಕಪ್ಪ ಹೌದು ಎಂದ. ಯಾವ ಆಟ ಎಂದು ಕೇಳಿದಳು. ಕನ್ನಡಕಪ್ಪನಿಗೆ ತಿಳಿದಿದ್ದ ಆಟಗಳನ್ನೆಲ್ಲ ಷಡ್ಡಕನ ಮಗ ಆಗಲೇ ಆಕ್ರಮಿಸಿಕೊಂಡಿದ್ದ. ಯಾವ ಹೆಸರು ಹೇಳಿದರೂ ಷಡ್ಡಕ ಕೋಚು ಯಾರು ಎಂದು ಕೇಳುವುದು ಖಂಡಿತ. ಕನ್ನಡಕಪ್ಪನ ಕಣ್ಣು ದಿಕ್ಕೆಟ್ಟು ಮನೆಯೆಲ್ಲ ಸುತ್ತಿ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಬಿದಿರು ಗಳದ ಮೇಲೆ ಹೋಗಿ ನಿಂತಿತು.

"ಪೋಲ್ ವಾಲ್ಟ್," ಎಂದ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತುಹೋಯಿತು. ಸಂಶೋಧಕಿ ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದಳು. ದಿನಾ ಎಂದ. ಎಲ್ಲಿ ಎಂದಳು. ಇಲ್ಲೇ ಮನೆ ಹಿಂದೆ ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕನ್ನಡಕಪ್ಪನಿಂದ ಎರಡೂ ಒಟ್ಟಿಗೇ ಹೋದವು. ಸಂಶೋಧಕಿ ಸಂತೋಷದಿಂದ, ಇಷ್ಟು ಮನೆಗಳಿಗೆ ಫೋನ್ ಮಾಡಿದರೂ ಈ ಆಟದ ಹೆಸರು ಕೇಳಿದ್ದು ಇದೇ ಮೊದಲು, ಒಂದು ಶನಿವಾರ ಬಿಟ್ಟು ಮುಂದಿನ ಶನಿವಾರ ಸಂಜೆ ಬರುತ್ತೇವೆ, ನಮಗಾಗಿ ಏನೂ ಮಾಡಬೇಡಿ, ಸುಮ್ಮನೆ ನೋಡಿಕೊಂಡು ಹೋಗುತ್ತೇವೆ ಎಂದಳು. ಕನ್ನಡಕಪ್ಪ ಅದಕ್ಕೂ ಹೌದು ಎಂದ. ಒಮ್ಮೆ ಹೌದು ಎನ್ನಲು ಶುರುಮಾಡಿದ ನಾಲಿಗೆಗೆ ಅಷ್ಟು ಬೇಗ ತಡೆ ಸಿಗುವುದಿಲ್ಲ.

ಷಡ್ಡಕ ಹೊರಡುವಾಗ ಚಪ್ಪಲಿ ಮೆಟ್ಟುತ್ತ, ತಾನೂ ಆ ಶನಿವಾರ ಮಗನನ್ನು ಕರೆದುಕೊಂಡು ಬರುವುದಾಗಿ ಹೇಳಿದ.

ಬಾಗಿಲು ಮುಚ್ಚಿದ ಮೇಲೆ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಅವಳಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ದಿನವೆಲ್ಲ ಜನರಿಗೆ ಸೂಜಿ ಚುಚ್ಚುವವಳಾದ್ದರಿಂದ ಯಾವುದನ್ನೂ ಮೆಲ್ಲನೆ ಹೇಳುತ್ತಿದ್ದಳು. ಈಗಲೂ ಮೆಲ್ಲನೆಯೇ, ಬಾಯಿ ತಪ್ಪಿ ಬಂತು ಅಂತ ಆ ಹುಡುಗಿಗೆ ಫೋನ್ ಮಾಡಿ ಹೇಳಿಬಿಡಿ, ಅಲ್ಲಿಗೆ ಮುಗಿಯುತ್ತೆ ಎಂದಳು. ಕನ್ನಡಕಪ್ಪನಿಗೂ ಅದೇ ಸರಿ ಎನ್ನಿಸಿತು. ಸರಿ ಎನ್ನಿಸಿದ ಮೇಲೆ ಎರಡು ದಿನ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡಿದ. ಮಂಗಳವಾರ ಅಂಗಡಿಯ ಹಿಂಬದಿಗೆ ಹೋಗಿ ಉಸಿರು ಬಿಗಿಹಿಡಿದು ನಂಬರು ಒತ್ತಿದ. ಸಂಶೋಧಕಿ ಅವನಿಗೆ ಬಾಯಿ ತೆರೆಯಲು ಬಿಡಲಿಲ್ಲ. ತನ್ನ ಪ್ರೊಫೆಸರು ವರ್ಷಗಳಿಂದ ಕುರ್ಚಿ ಬಿಟ್ಟು ಎದ್ದವರಲ್ಲ, ಈ ಸಂಗತಿ ಕೇಳಿ ಅವರೇ ಖುದ್ದಾಗಿ ಬರುತ್ತಿದ್ದಾರೆ ಎಂದು ತಿಳಿಸಿ, ನೀವು ಫೋನ್ ಮಾಡಿದ್ದು ಯಾಕೆ ಎಂದು ವಿಚಾರಿಸಿದಳು.

"ಏನಿಲ್ಲ, ದಾರಿ ಹೇಳೋಣ ಅಂತ ಮಾಡ್ದೆ," ಎಂದ ಕನ್ನಡಕಪ್ಪ. ಹೇಳಿಯೂ ಬಿಟ್ಟ. ಸಿಗ್ನಲ್ಲು, ಔಷಧಿ ಅಂಗಡಿ, ಎಡಕ್ಕೆ ಮೂರನೆಯ ತಿರುವು. ಇನ್ನು ಅವರು ದಾರಿ ತಪ್ಪುವ ಆಸೆಯೂ ಉಳಿಯಲಿಲ್ಲ.

ಆ ದಿನ ಅವನು ಒಬ್ಬ ಮುದುಕಿಯ ಕನ್ನಡಕಕ್ಕೆ ಎಡಗಾಜನ್ನು ಬಲಕ್ಕೂ ಬಲಗಾಜನ್ನು ಎಡಕ್ಕೂ ಕೂರಿಸಿ ಕೊಟ್ಟ. ಮುದುಕಿ ಅದನ್ನು ಹಾಕಿಕೊಂಡು ಹೊರಗೆ ಹೋಗಿ, ಅಷ್ಟೇ ಬೇಗ ಒಳಗೆ ಬಂದು, ಬೀದಿ ಒಂದು ಕಡೆಗೆ ವಾಲಿಕೊಂಡಿದೆ, ಯಾರಿಗಾದರೂ ಹೇಳಿ ಎಂದಳು. ಅಂಗಡಿಯ ಯಜಮಾನರು ಕನ್ನಡಕಪ್ಪನನ್ನು ದಿಟ್ಟಿಸಿ ನೋಡಿ, ನಿನ್ನ ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು ಎಂದು ಕೇಳಿದರು.

ಸಂಜೆ ಅವನು ಮಗಳ ಮಂಚದ ಅಂಚಿನಲ್ಲಿ ಕುಳಿತು ವಿಷಯ ಎತ್ತಿದ. ಒಂದು ಉದ್ದನೆಯ ಕೋಲು ಹಿಡಿದು ಓಡಿಬರಬೇಕು, ಕೋಲನ್ನು ನೆಲಕ್ಕೆ ಊರಬೇಕು, ಅದರ ಜೊತೆ ಮೇಲಕ್ಕೆ ಹೋಗಿ, ಅಡ್ಡಕ್ಕೆ ಇಟ್ಟ ಇನ್ನೊಂದು ಕೋಲನ್ನು ದಾಟಿ ಆ ಕಡೆ ಬೀಳಬೇಕು ಎಂದು ಕೈಯಿಂದ ಗಾಳಿಯಲ್ಲಿ ಬರೆದು ತೋರಿಸಿದ. ಮಗಳು ಕಾಲನ್ನು ಗೋಡೆಯಿಂದ ಇಳಿಸದೆ ಕೇಳಿಸಿಕೊಂಡಳು.

"ಆ ಕಡೆ ಏನಿರತ್ತೆ?"

"ಏನೂ ಇರಲ್ಲ."

"ಮತ್ಯಾಕೆ ಹೋಗ್ಬೇಕು?"

ಪೋಲ್ ವಾಲ್ಟ್ ಹುಟ್ಟಿದಂದಿನಿಂದ ಅದನ್ನು ಯಾರೂ ಇಷ್ಟು ನೇರವಾಗಿ ಕೇಳಿರಲಾರರು. ಕನ್ನಡಕಪ್ಪ ತಲೆ ತಗ್ಗಿಸಿ ಕುಳಿತ. ಮಗಳು ಪುಸ್ತಕ ಮಡಚಿ ಅವನ ಮುಖ ನೋಡಿ, ನೀನು ಹೇಳಿದ್ದು ಸುಳ್ಳು ಅಂತ ಗೊತ್ತಾದರೆ ಅವರು ನಿನಗೆ ಬೈತಾರಾ ಎಂದು ಕೇಳಿದಳು. ಬೈಯಬಹುದು ಎಂದ. ದೊಡ್ಡಪ್ಪ ನಗ್ತಾರಾ ಎಂದಳು. ಅದಂತೂ ಖಂಡಿತ ಎಂದ. ಅವಳು ಸ್ವಲ್ಪ ಯೋಚಿಸಿ, ಸರಿ, ನೋಡೋಣ ಎಂದು ಮತ್ತೆ ಪುಸ್ತಕ ತೆರೆದಳು.

ಆಗಲಾದರೂ ಕನ್ನಡಕಪ್ಪ ಸುಮ್ಮನಿದ್ದಿದ್ದರೆ ವಿಷಯ ಮನೆಯೊಳಗೇ ಉಳಿಯುತ್ತಿತ್ತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಕೆಳಮನೆಯ ಡ್ರಿಲ್ ಮೇಷ್ಟ್ರು ಹುಲ್ಲುಕಡ್ಡಿಗಿಂತ ಎಷ್ಟೋ ಗಟ್ಟಿಯಾಗಿದ್ದರು. ಶಾಲೆಯಲ್ಲಿ ಮಕ್ಕಳನ್ನು ಓಡಿಸಿ ನಿವೃತ್ತರಾದ ಅವರು, ಈಗ ಓಡಿಸಲು ಯಾರೂ ಸಿಗದೆ, ಬೆಳಿಗ್ಗೆ ಎದ್ದು ಕಾಂಪೌಂಡಿನ ಪಾರಿವಾಳಗಳಿಗೆ ಸೀಟಿ ಊದುತ್ತಿದ್ದರು. ಕನ್ನಡಕಪ್ಪ ಅವರ ಮನೆಗೆ ಹೋಗಿ, ಯಾರಿಗೂ ಹೇಳಬಾರದು ಎಂದು ಮೂರು ಸಲ ಮಾತು ತೆಗೆದುಕೊಂಡು, ಮಗಳಿಗೆ ಸ್ವಲ್ಪ ಹೇಳಿಕೊಡಿ ಎಂದ. ಸುಳ್ಳಿನ ಭಾಗವನ್ನು ಬಿಟ್ಟು, ಯಾರೋ ನೋಡಲು ಬರುತ್ತಾರೆ ಎಂಬ ಭಾಗವನ್ನಷ್ಟೇ ಹೇಳಿದ. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಇಡೀ ನೌಕರಿಯಲ್ಲಿ ಒಬ್ಬ ತಂದೆಯೂ ತಾನಾಗಿ ಬಂದು ಮಗುವನ್ನು ಕೈಗೆ ಒಪ್ಪಿಸಿರಲಿಲ್ಲವಂತೆ. ಗುಟ್ಟನ್ನು ಅವರು ಪ್ರಾಣದಂತೆ ಕಾಪಾಡಿದರು, ಅಂದರೆ ಭೇಟಿಯಾದವರಿಗೆಲ್ಲ ಗುಟ್ಟು ಎಂದು ಹೇಳಿಯೇ ಹೇಳಿದರು.

ಮರುದಿನ ಸಂಜೆ ಬಾಲ್ಕನಿಯ ಗಳವನ್ನು ಕೆಳಗೆ ಇಳಿಸುವ ಕೆಲಸ ಶುರುವಾಯಿತು. ಗಳ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಷ್ಟ್ರು ಕೆಳಗಿನಿಂದ ಎಳೆದರು, ಕನ್ನಡಕಪ್ಪ ಮೇಲಿನಿಂದ ನೂಕಿದ. ಗಳದ ತುದಿ ಎದ್ದು ಎರಡನೆಯ ಮಹಡಿಯ ದೀಪವನ್ನು ಒಡೆದು, ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿಯವರ ಬಾಗಿಲನ್ನು ತಟ್ಟಿತು. ಸೆಕ್ರೆಟರಿ ಬಾಗಿಲು ತೆರೆದಾಗ ಎದುರಿಗೆ ಮನುಷ್ಯರು ಯಾರೂ ಇರಲಿಲ್ಲ, ಒಂದು ಬಿದಿರು ಮಾತ್ರ ಇತ್ತು. ಅರ್ಧ ಗಂಟೆಯಲ್ಲಿ ಲಿಫ್ಟಿನ ಪಕ್ಕ ನೋಟಿಸು ಬಿತ್ತು. ಕಟ್ಟಡದ ಮೆಟ್ಟಿಲು, ಮೊಗಸಾಲೆ, ತಾರಸಿಗಳಲ್ಲಿ ಪೋಲ್ ವಾಲ್ಟ್ ಆಡುವುದನ್ನು ನಿಷೇಧಿಸಿದೆ ಎಂದು ಅದರಲ್ಲಿ ಬರೆದಿತ್ತು. ಅದನ್ನು ಓದಿದ ಮೇಲೆಯೇ ಉಳಿದವರಿಗೂ ಕಟ್ಟಡದಲ್ಲಿ ಅಂಥದೊಂದು ನಡೆಯುತ್ತಿದೆ ಎಂದು ತಿಳಿದದ್ದು.

ಕಟ್ಟಡದ ಹಿಂದೆ ಒಂದು ಖಾಲಿ ನಿವೇಶನ. ಯಾರೋ ಮನೆ ಕಟ್ಟಲು ಹೊರಟು, ಮರಳು ಹಾಕಿಸಿ, ಆಮೇಲೆ ಮನಸ್ಸು ಬದಲಿಸಿದ್ದರು. ಮೇಷ್ಟ್ರು ಅಲ್ಲಿ ತರಬೇತಿ ಆರಂಭಿಸಿದರು. ಮೊದಲ ದಿನ ಬರೀ ಗಳ ಹೊತ್ತು ನಡೆಯುವುದು. ಎರಡನೆಯ ದಿನ ಗಳ ಹೊತ್ತು ಓಡುವುದು. ಮಗಳು ಪಾಪ ಓಡಿದಳು. ಗಳ ಅವಳಿಗಿಂತ ಉದ್ದವಾದ್ದರಿಂದ, ದೂರದಿಂದ ನೋಡಿದರೆ ಗಳವೇ ಒಬ್ಬ ಹುಡುಗಿಯನ್ನು ಎಳೆದುಕೊಂಡು ಹೋಗುತ್ತಿರುವಂತೆ ಕಾಣುತ್ತಿತ್ತು. ಬಾಲ್ಕನಿಗಳಲ್ಲಿ ಜನ ಸೇರಿದರು. ಒಬ್ಬರು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳಿದರು, ಇನ್ನೊಬ್ಬರು ಮೊಣಕಾಲು ಎತ್ತು ಎಂದರು. ಮೂರನೆಯ ಮಹಡಿಯ ವಿಮಾ ಏಜೆಂಟರು ಕನ್ನಡಕಪ್ಪನನ್ನು ಪಕ್ಕಕ್ಕೆ ಕರೆದು, ಮಗುವಿನ ಕೈಗೆ, ಕಾಲಿಗೆ ಬೇರೆ ಬೇರೆ ಪಾಲಿಸಿ ಇರುತ್ತದೆ ಎಂದು ಸಮಾಧಾನ ಹೇಳಿದರು. ಅದನ್ನು ಕೇಳಿದ ಮೇಲೆ ಕನ್ನಡಕಪ್ಪನಿಗೆ ಊಟ ಸೇರದಾಯಿತು.

ಇಷ್ಟಕ್ಕೇ ನಿಂತಿದ್ದರೂ ಸಾಕಿತ್ತು. ಬಿದಿರಿನಲ್ಲಿ ಆಗುವ ಕೆಲಸವಲ್ಲ ಇದು ಎಂದು ನಿರ್ಧರಿಸಿದ ಮೇಷ್ಟ್ರು ಕ್ರೀಡಾ ಕಚೇರಿಗೆ ಹೋಗಿ, ನಮ್ಮ ಕಟ್ಟಡದ ಹುಡುಗಿಗೆ ಒಂದು ಸರಿಯಾದ ಕೋಲು ಬೇಕು, ವಿಶ್ವವಿದ್ಯಾಲಯದವರೇ ನೋಡಲು ಬರುತ್ತಿದ್ದಾರೆ ಎಂದು ಹೇಳಿ ಬಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ಎಲ್ಲ ಕಚೇರಿಯಲ್ಲೂ ಒಬ್ಬರಾದರೂ ಇರುತ್ತಾರೆ. ಇಲ್ಲಿ ಅವರು ಸಹಾಯಕ ಅಧಿಕಾರಿಯಾಗಿದ್ದರು. ಅವರು ಮರುದಿನವೇ ಬಂದು, ಮರಳುಗುಡ್ಡೆಯನ್ನು ಸುತ್ತು ಹಾಕಿ, ಕೋಲು ದಾಸ್ತಾನಿನಲ್ಲಿ ಇಲ್ಲ, ಆದರೆ ಪೋಲ್ ವಾಲ್ಟಿನವರು ಮೇಲಿಂದ ಬೀಳುವ ಹಾಸಿಗೆ ಇದೆ ಎಂದರು. ಯಾವುದೋ ಕಾಲದಲ್ಲಿ ತರಿಸಿದ್ದು. ಅಂದಿನಿಂದ ಇಂದಿನವರೆಗೆ ಅದರ ಮೇಲೆ ಯಾರೂ ಬಿದ್ದಿಲ್ಲ, ಬಂದ ಅಧಿಕಾರಿಗಳಿಗೆಲ್ಲ ಅದು ಉಗ್ರಾಣದಲ್ಲಿ ಯಾಕಿದೆ ಎಂದು ವಿವರಿಸುವುದೇ ಒಂದು ಕೆಲಸವಾಗಿತ್ತು.

"ಇಷ್ಟು ವರ್ಷಕ್ಕೆ ಒಬ್ಬರಾದ್ರೂ ಸಿಕ್ಕಿದ್ರಲ್ಲ," ಎಂದು ಅವರು ಕನ್ನಡಕಪ್ಪನ ಕೈ ಹಿಡಿದುಕೊಂಡರು. "ನಾಳೆನೇ ಕಳಿಸ್ತೀನಿ. ಬೇಡ ಅನ್ಬೇಡಿ."

ಕನ್ನಡಕಪ್ಪ ಬೇಡ ಎನ್ನಲು ಬಾಯಿ ತೆರೆದ. ಬಂದದ್ದು ಕೆಮ್ಮು.

ಹಾಸಿಗೆ ಲಾರಿಯಲ್ಲಿ ಬಂತು. ಹಾಸಿಗೆ ಎಂದರೆ ಮನೆಯ ಹಾಸಿಗೆಯಲ್ಲ. ಅಗಲದಲ್ಲಿ ಒಂದು ಕೋಣೆಯಷ್ಟು, ಎತ್ತರದಲ್ಲಿ ಕನ್ನಡಕಪ್ಪನ ಎದೆಯಷ್ಟು. ಗೇಟಿನಲ್ಲಿ ಹಿಡಿಸಲಿಲ್ಲ. ಅಧಿಕಾರಿಯ ಜೀಪು ನೋಡಿದ್ದೇ ಸೆಕ್ರೆಟರಿಯವರ ಮನಸ್ಸು ಪೂರಾ ತಿರುಗಿತ್ತು. ಅವರು ಹಳೆಯ ನೋಟಿಸನ್ನು ಕಿತ್ತು, ನಮ್ಮ ಕಟ್ಟಡದ ಹೆಮ್ಮೆ ಎಂಬ ಹೊಸ ನೋಟಿಸನ್ನು ಅಂಟಿಸಿ, ತಾವೇ ನಿಂತು ಗೇಟನ್ನು ಬುಡಸಮೇತ ತೆಗೆಸಿದರು. ಮೂಗಿಗಿಂತ ಮೂಗುತಿ ಭಾರ ಎಂದು ಹೆಂಡತಿ ಬಾಲ್ಕನಿಯಲ್ಲಿ ನಿಂತು ಮೆಲ್ಲನೆ ಹೇಳಿದಳು. ಗಳ ಹೋದಂದಿನಿಂದ ಅವಳ ಒದ್ದೆ ಬಟ್ಟೆಗಳು ಕುರ್ಚಿ, ಬಾಗಿಲು, ಫ್ಯಾನುಗಳ ಮೇಲೆ ಒಣಗುತ್ತಿದ್ದವು.

ಹಾಸಿಗೆಯ ಜೊತೆಗೆ ಕಟ್ಟಡದ ಇತರ ಮಕ್ಕಳೂ ಹೊರಬಂದರು. ಇಷ್ಟು ದಿನ ಧೂಳು, ಬಿಸಿಲು, ಹೋಂವರ್ಕು ಎಂದು ಮಕ್ಕಳನ್ನು ಕೆಳಗೆ ಬಿಡದಿದ್ದ ತಾಯಂದಿರು, ಅಧಿಕಾರಿಗಳ ಕಣ್ಣಿಗೆ ತಮ್ಮವರೂ ಬೀಳಲಿ ಎಂದು ತಲೆ ಬಾಚಿ ಕಳಿಸಿದರು. ಮಕ್ಕಳು ಮೇಷ್ಟ್ರ ಸೀಟಿಗೆ ಸಾಲಾಗಿ ನಿಂತರು. ಹಾಸಿಗೆಯನ್ನು ಮುಟ್ಟಲು ಮಾತ್ರ ಯಾರಿಗೂ ಅಪ್ಪಣೆ ಇರಲಿಲ್ಲ. ಶನಿವಾರದವರೆಗೆ ಅದು ಕೊಳೆಯಾಗಬಾರದು ಎಂದು ಸೆಕ್ರೆಟರಿ ಅದಕ್ಕೆ ಪ್ಲಾಸ್ಟಿಕ್ ಹೊದಿಸಿದ್ದರು.

ಗುರುವಾರ ಸಂಜೆ ಮಗಳು ಉದ್ದ ತೋಳಿನ ಅಂಗಿ ಹಾಕಿಕೊಂಡು ಕೂತಿದ್ದಳು. ಸೆಕೆಯ ಕಾಲ. ಕನ್ನಡಕಪ್ಪ ತೋಳು ಮೇಲೆತ್ತಿ ನೋಡಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ತರಚಿಹೋಗಿತ್ತು. ಗಳ ಮರಳಿನಲ್ಲಿ ಹೂತು ನಿಂತಿತು, ತಾನು ನಿಲ್ಲಲಿಲ್ಲ, ಅಷ್ಟೇ ಎಂದಳು. ಯಾಕೆ ಹೇಳಲಿಲ್ಲ ಎಂದು ಕೇಳಿದ. ಹೇಳಿದ್ರೆ ನಿನಗೆ ನಿದ್ದೆ ಬರಲ್ಲ ಎಂದಳು. ಆಮೇಲೆ ತೋಳು ಇಳಿಸಿಕೊಂಡು, ಮೇಷ್ಟ್ರು ತುಂಬಾ ಖುಷಿಯಾಗಿದ್ದಾರೆ ಪಾಪ ಎಂದೂ ಸೇರಿಸಿದಳು.

ಕನ್ನಡಕಪ್ಪ ನಿಜಕ್ಕೂ ಹೆದರಿದ್ದು ಆಗ. ಅಲ್ಲಿಯವರೆಗೆ ಅವನ ಭಯವೆಲ್ಲ ಷಡ್ಡಕ ನಕ್ಕರೆ, ಪ್ರೊಫೆಸರು ಗದರಿದರೆ, ಸೆಕ್ರೆಟರಿ ಗೇಟು ಕೇಳಿದರೆ ಎಂಬ ಬಗೆಯದು. ಈಗ ಕಣ್ಣು ಮುಚ್ಚಿದರೆ ಒಂದು ಬಿದಿರು ಲಟಕ್ಕನೆ ಮುರಿಯುವ ಸದ್ದು ಕೇಳುತ್ತಿತ್ತು. ಹೆಂಡತಿ ಮಗಳ ಕೈಗೆ ಮುಲಾಮು ಹಚ್ಚುತ್ತ ಅವನ ಕಡೆ ನೋಡಿದಳು. ಅವಳು ಏನಾದರೂ ಹೇಳಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಶನಿವಾರ ಬಂತು. ಖಾಲಿ ನಿವೇಶನದಲ್ಲಿ ಕುರ್ಚಿಗಳು ಬಿದ್ದವು. ಷಡ್ಡಕ ಸಂಸಾರ ಸಮೇತ ಬಂದು ಮೊದಲ ಸಾಲಿನಲ್ಲಿ ಕುಳಿತ. ಅವನ ಮಗ ಬಿಳಿ ಶೂಗಳನ್ನು ಮರಳಿಗೆ ತಾಗಿಸದೆ ಕಾಲು ಎತ್ತಿಕೊಂಡಿದ್ದ. ಅಧಿಕಾರಿ ಜೀಪಿನಿಂದ ಇಳಿದರು. ಸಂಶೋಧಕಿ ಬಂದಳು. ಫೋನಿನ ದನಿಯಿಂದ ಕನ್ನಡಕಪ್ಪ ಊಹಿಸಿದ್ದಕ್ಕಿಂತ ಚಿಕ್ಕ ವಯಸ್ಸಿನ, ಬಿಸಿಲಿಗೆ ಬಳಲಿದ ಹುಡುಗಿ. ಅವಳ ಹಿಂದೆ ಪ್ರೊಫೆಸರು, ಕುರ್ಚಿ ಕಂಡಕೂಡಲೆ ಕುಳಿತವರು. ಇಷ್ಟು ಜನರನ್ನು ಕಂಡು ಸಂಶೋಧಕಿ ಗಾಬರಿಯಾಗಿ, ನಾವು ಸುಮ್ಮನೆ ನೋಡಿ ಹೋಗುತ್ತೇವೆ ಎಂದಿದ್ದೆವಲ್ಲ ಎಂದಳು. ಎಲ್ಲರೂ ಸುಮ್ಮನೆ ನೋಡಲೇ ಬಂದಿದ್ದಾರೆ ಎಂದು ಸೆಕ್ರೆಟರಿ ಉತ್ತರ ಕೊಟ್ಟರು. ಪ್ಲಾಸ್ಟಿಕ್ ತೆಗೆಯಲಾಯಿತು. ಹಾಸಿಗೆಯ ಮುಂದೆ ಎರಡು ಗೂಟ ನೆಟ್ಟು, ನಡುವೆ ಹಗ್ಗ ಕಟ್ಟಿದ್ದರು.

ನಿವೇಶನದ ಆ ತುದಿಯಲ್ಲಿ ಮಗಳು ಗಳ ಹಿಡಿದು ನಿಂತಿದ್ದಳು. ಮೇಷ್ಟ್ರು ಸೀಟಿಯನ್ನು ತುಟಿಗೆ ಇಟ್ಟುಕೊಂಡರು. ಕನ್ನಡಕಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದ. ಹಾರುವವರು ಹಗ್ಗವನ್ನು ನೋಡಬೇಕು ಎಂದು ಮೇಷ್ಟ್ರು ದಿನವೂ ಹೇಳುತ್ತಿದ್ದರು. ಮಗಳು ಹಗ್ಗವನ್ನು ನೋಡುತ್ತಿರಲಿಲ್ಲ, ಅಪ್ಪನನ್ನು ನೋಡುತ್ತಿದ್ದಳು. ಗಳದ ತುದಿ ಗಾಳಿಯಿಲ್ಲದೆಯೂ ಅಲುಗುತ್ತಿತ್ತು.

ಸೀಟಿ ಕೂಗಿತು. ಮಗಳು ಓಡತೊಡಗಿದಳು. ಅದೇ ಗಳಿಗೆಯಲ್ಲಿ ಕನ್ನಡಕಪ್ಪನೂ ಓಡತೊಡಗಿದ. ಕುರ್ಚಿಗಳನ್ನು ತಳ್ಳಿಕೊಂಡು, ಅಧಿಕಾರಿಯ ಕಾಲು ತುಳಿದು, ಒಂದು ಚಪ್ಪಲಿಯನ್ನು ಮರಳಿಗೆ ಕೊಟ್ಟು ಹಗ್ಗದ ಮುಂದೆ ಹೋಗಿ ಎರಡೂ ಕೈ ಅಗಲಿಸಿ ನಿಂತ. ಮಗಳು ಗಳ ಬಿಟ್ಟು ನೇರವಾಗಿ ಬಂದು ಅವನ ಹೊಟ್ಟೆಗೆ ಢಿಕ್ಕಿ ಹೊಡೆದಳು.

"ಸುಳ್ಳು," ಎಂದ ಕನ್ನಡಕಪ್ಪ, ಏದುಸಿರು ಬಿಡುತ್ತ. "ನನ್ನ ಮಗಳು ಪೋಲ್ ವಾಲ್ಟ್ ಆಡಲ್ಲ. ಏನೂ ಆಡಲ್ಲ. ಮಲಗಿಕೊಂಡು ಪುಸ್ತಕ ಓದ್ತಾಳೆ. ಅವತ್ತು ಭಾವ ಎದುರಿಗಿದ್ರು, ಬಾಯಿಗೆ ಬಂದಿದ್ದು ಹೇಳಿಬಿಟ್ಟೆ."

ಮೊದಲು ಚೇತರಿಸಿಕೊಂಡವರು ಸೆಕ್ರೆಟರಿ. ಹಾಗಾದರೆ ಗೇಟನ್ನು ಯಾರು ಕೂರಿಸುತ್ತಾರೆ ಎಂದು ಕೇಳಿದರು. ಅಧಿಕಾರಿ ತುಳಿಸಿಕೊಂಡ ಕಾಲನ್ನು ಒತ್ತಿಕೊಳ್ಳುತ್ತ, ಉಗ್ರಾಣದಿಂದ ಹೊರಗೆ ಹೋದ ಹಾಸಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ನಿಯಮವೇ ಇಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆಯಲು ಮರೆತಿದ್ದರು, ಉಸಿರಾಡಿದಾಗಲೆಲ್ಲ ಅದು ಸಣ್ಣಗೆ ಕೂಗುತ್ತಿತ್ತು. ಷಡ್ಡಕ ಎದ್ದು ನಿಂತು ಅಂಗಿ ಸರಿಪಡಿಸಿಕೊಂಡು, ತನಗೆ ಅವತ್ತೇ ಗೊತ್ತಿತ್ತು, ಹೇಳಿ ನೋಯಿಸಬಾರದೆಂದು ಸುಮ್ಮನಿದ್ದೆ ಎಂದ.

ಕನ್ನಡಕಪ್ಪ ಇಂಗು ತಿಂದ ಮಂಗನಂತೆ ಸಂಶೋಧಕಿಯ ಕಡೆ ತಿರುಗಿದ. ನಿಮ್ಮ ಸಂಶೋಧನೆಯನ್ನೆಲ್ಲ ಹಾಳುಮಾಡಿದೆ, ಕ್ಷಮಿಸಿಬಿಡಿ ಎಂದ.

"ಹಾಳೇನೂ ಆಗಿಲ್ಲ ಸಾರ್," ಎಂದಳು ಅವಳು ಸಂಕೋಚದಿಂದ. "ನಾವು ನೋಡ್ತಿರೋದೇ ಅದನ್ನ. ಮಕ್ಕಳು ಏನು ಆಡ್ತಾರೆ ಅಂತ ಮೊದ್ಲು ಅಪ್ಪಅಮ್ಮನ್ನ ಕೇಳ್ತೀವಿ. ಆಮೇಲೆ ಬಂದು ನೋಡ್ತೀವಿ. ಎರಡಕ್ಕೂ ಎಷ್ಟು ದೂರ ಇರತ್ತೆ ಅನ್ನೋದೇ ವಿಷಯ."

ಹೀಗೆ ಹೋದ ಕಡೆಯೆಲ್ಲ ಏನಾದರೊಂದು ಆಗುತ್ತದೆ ಎಂದು ಅವಳು ವಿವರಿಸಿದಳು. ಒಂದು ಮನೆಯಲ್ಲಿ ಮಗ ದಿನಾ ಕುದುರೆ ಸವಾರಿ ಮಾಡುತ್ತಾನೆ ಎಂದಿದ್ದರು. ಹೋದಾಗ ಎಲ್ಲಿಂದಲೋ ಒಂದು ಕತ್ತೆಯನ್ನು ತಂದು ಕಟ್ಟಿದ್ದರು. ಆದರೆ ಲಾರಿಯಲ್ಲಿ ಹಾಸಿಗೆ ತರಿಸಿದವರು, ಗೇಟು ಕಿತ್ತವರು ಯಾರೂ ಇರಲಿಲ್ಲ. ಹಾಗೆಯೇ ಓಡಿಬಂದು ಅಡ್ಡ ನಿಂತ ಅಪ್ಪನೂ ಇಲ್ಲಿಯವರೆಗೆ ಸಿಕ್ಕಿರಲಿಲ್ಲ. ಪ್ರೊಫೆಸರು ಕುಳಿತಲ್ಲಿಂದಲೇ ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಸಂಶೋಧಕಿ ಷಡ್ಡಕನನ್ನು ನೋಡಿ ಮುಗುಳ್ನಕ್ಕು, ನಿಮ್ಮ ಮನೆಗೂ ಫೋನ್ ಮಾಡಿದ್ದೆವು, ಬರುವ ವಾರ ನಿಮ್ಮಲ್ಲಿಗೆ ಎಂದಳು. ಷಡ್ಡಕ ಬರುವ ವಾರ ತಾವು ಊರಿನಲ್ಲಿ ಇರುವುದಿಲ್ಲ ಎಂದ. ಅದರ ಮುಂದಿನ ವಾರ ಬರುತ್ತೇವೆ ಎಂದಳು. ಆಗಲೂ ಇರುವುದಿಲ್ಲ ಎಂದ.

ಅವನು ಎಲ್ಲೆಲ್ಲಿಗೆ ಹೋಗಲಿದ್ದಾನೆ ಎಂದು ಅವನ ಹೆಂಡತಿಯೇ ಕುತೂಹಲದಿಂದ ಕೇಳುತ್ತಿರುವಾಗ ಹಾಸಿಗೆಯ ಕಡೆಯಿಂದ ಧಬ್ ಎಂಬ ಸದ್ದು ಬಂತು. ಹಿರಿಯರು ಗೇಟು, ನಿಯಮಗಳಲ್ಲಿ ಮುಳುಗಿದ್ದ ಹೊತ್ತು ನೋಡಿ, ಯಾವುದೋ ಮಗು ಮರಳುಗುಡ್ಡೆಯ ಮೇಲಿಂದ ಅದರ ಮೇಲೆ ಹಾರಿತ್ತು. ಎರಡನೆಯದು ಹಾರಿತು. ಆಮೇಲೆ ಎಣಿಸಲಾಗಲಿಲ್ಲ. ಕನ್ನಡಕಪ್ಪನ ಮಗಳೂ ಅಪ್ಪನ ಕೈ ಬಿಡಿಸಿಕೊಂಡು ಹೋಗಿ ಗುಡ್ಡೆ ಹತ್ತಿದಳು. ಷಡ್ಡಕನ ಮಗ ಬಂದು ಹಾಸಿಗೆಯ ಪಕ್ಕ ನಿಂತ. ಬಿಳಿ ಶೂಗಳನ್ನು ಬಿಚ್ಚಿ ಜೋಡಿಸಿಟ್ಟು, ಇದಕ್ಕೆ ಕೋಚ್ ಯಾರು ಎಂದು ಕನ್ನಡಕಪ್ಪನ ಮಗಳನ್ನು ಕೇಳಿದ.

"ಯಾರೂ ಇಲ್ಲ," ಎಂದಳು.

"ಮತ್ತೆ ಯಾವಾಗ ನಿಲ್ಲಿಸ್ಬೇಕು?"

"ಸುಸ್ತಾದಾಗ."

ಹುಡುಗ ಒಂದು ಸಲ ಅಪ್ಪನ ಕಡೆ ನೋಡಿ, ಅಪ್ಪ ಸಂಶೋಧಕಿಗೆ ತನ್ನ ಪ್ರಯಾಣದ ವಿವರ ಕೊಡುವುದರಲ್ಲಿ ಮಗ್ನನಾಗಿರುವುದನ್ನು ಖಚಿತಪಡಿಸಿಕೊಂಡು ಗುಡ್ಡೆ ಹತ್ತಿದ. ಅವನನ್ನು ಅಲ್ಲಿಂದ ಎಳೆದುಕೊಂಡು ಹೋಗಲು ಷಡ್ಡಕನಿಗೆ ಕತ್ತಲಾಗುವವರೆಗೆ ಬೇಕಾಯಿತು. ಮೇಷ್ಟ್ರು ಮಾತ್ರ ಒಂದು ಕುರ್ಚಿಯಲ್ಲಿ ಮಂಕಾಗಿ ಕೂತಿದ್ದರು. ಸಂಶೋಧಕಿ ಅವರ ಪಕ್ಕ ಕೂತು, ನಿಮ್ಮ ಕಾಲದಲ್ಲಿ ಮಕ್ಕಳು ಎಷ್ಟು ಓಡುತ್ತಿದ್ದರು ಎಂದು ವಿಚಾರಿಸಿದಳು. ಮೇಷ್ಟ್ರು ಶುರುಮಾಡಿದರು. ಅವಳು ಮನೆಗೆ ಹೋಗಿದ್ದು ಯಾವಾಗಲೋ, ಪ್ರೊಫೆಸರಂತೂ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು.

ಮೈಯೆಲ್ಲ ಮರಳು ಮಾಡಿಕೊಂಡು ಮಗಳು ನೀರು ಕುಡಿಯಲು ಬಂದಾಗ ಕನ್ನಡಕಪ್ಪ ಅವಳನ್ನು ಪಕ್ಕಕ್ಕೆ ಕರೆದ.

"ಅವಾಗ ಹಾರಿದ್ರೆ ಬಿದ್ದುಬಿಡ್ತಿದ್ದೆ ಕಣೇ."

"ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಓಡಿದೆ?"

"ನೀನು ಅಷ್ಟೊಂದು ಜನಕ್ಕೆ ಹೇಳಿಬಿಟ್ಟಿದ್ಯಲ್ಲಪ್ಪ," ಎಂದಳು ಅವಳು, ದೊಡ್ಡವರು ಚಿಕ್ಕವರಿಗೆ ಹೇಳುವ ಧಾಟಿಯಲ್ಲಿ. ಲೋಟ ಅವನ ಕೈಗೆ ಕೊಟ್ಟು ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. "ನಾಳೆ ಯಾರನ್ನೂ ಕರೀಬೇಡ. ನೀನೂ ನೋಡೋಕೆ ಬರ್ಬೇಡ."

ಕನ್ನಡಕಪ್ಪ ಮಾತು ಕೊಟ್ಟ. ಮರುದಿನ ಸಂಜೆ ಅವಳು ಪುಸ್ತಕವನ್ನು ಮಂಚದ ಮೇಲೆ ಬೋರಲು ಹಾಕಿ ಕೆಳಗೆ ಹೋದ ಮೇಲೆ, ಅವನು ಹಿಂದಿನ ಕಿಟಕಿಗೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು ಕುಳಿತ. ಬೆನ್ನಿಗೆ ಕಣ್ಣಿಲ್ಲ, ನಿಜ. ಕಿವಿಗೆ ಮಾತ್ರ ಏನು ಮಾಡುವುದು? ಧಬ್ ಎಂದಾಗ ಎದ್ದು ನಿಲ್ಲುತ್ತಿದ್ದ. ಹಿಂದೆಯೇ ನಗು ಕೇಳಿದರೆ ಕೂರುತ್ತಿದ್ದ. ಮತ್ತೆ ಧಬ್, ಮತ್ತೆ ಏಳುವನು. ನಗು, ಕೂರುವನು. ಒಮ್ಮೊಮ್ಮೆ ನಗು ಬರುವುದು ತಡವಾದರೆ ಅರ್ಧ ಎದ್ದು ಅರ್ಧ ಕೂತು, ಕುರ್ಚಿಯ ತೋಳು ಹಿಡಿದು ಹಾಗೇ ಉಳಿಯುತ್ತಿದ್ದ.

ಹೆಂಡತಿ ಒಣಗಿದ ಬಟ್ಟೆಗಳನ್ನು ಫ್ಯಾನಿನಿಂದ ತೆಗೆದು ಮಡಚುತ್ತ ಬಹಳ ಹೊತ್ತು ಇದನ್ನು ನೋಡಿದಳು.

"ಆ ಸಂಶೋಧನೆ ಹುಡುಗಿ ಈಗ ಬಂದು ನೋಡಬೇಕಿತ್ತು ರೀ," ಎಂದಳು ಮೆಲ್ಲನೆ. "ಈ ಮನೇಲಿ ಎಲ್ಲರಿಗಿಂತ ಜಾಸ್ತಿ ಬಸ್ಕಿ ಹೊಡೆಯೋರು ನೀವೇ."